ಆಮೆಯ ಮೇಲೊಂದು ದೂರು

ಯಾರಾದರೂ ಲಕ್ಷದ್ವೀಪಕ್ಕೆ ಹೋಗಿ ಬಂದು ಚಿತ್ರ ಹಾಕಿದರೆ ಎಲ್ಲರೂ ನೀರಿನ ಬಣ್ಣ ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ನೀರಿನ ತಳಕ್ಕೆ ಹೋಗುತ್ತದೆ. ತಳದಲ್ಲಿ ಬರೀ ಬಿಳಿ ಮರಳು ಕಂಡರೆ ಪ್ರವಾಸಿಗೆ ಅದು ಸ್ವರ್ಗ. ಅಲ್ಲಿಯೇ ಬಲೆ ಬೀಸಿ ಬೆಳೆದವನಿಗೆ ಅದು ದನ ಮೇಯ್ದು ಬಿಟ್ಟ ಗದ್ದೆ. ಈ ಎರಡನೆಯ ನೋಟವನ್ನು ನನಗೆ ಕಲಿಸಿದ್ದು ಅಲ್ಲಿನ ಅಗತ್ತಿ ದ್ವೀಪದ ಒಬ್ಬ ಮೀನುಗಾರ. ಆ ಕತೆ ಹೇಳುವ ಮೊದಲು ನನಗೂ ಆ ದ್ವೀಪಗಳಿಗೂ ಏನು ನಂಟು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ "ನಿಮಗೇಕೆ ಊರ ಉಸಾಬರಿ" ಎಂಬ ಕಾಮೆಂಟು ಗ್ಯಾರಂಟಿ.

ನಾನು ಮಂಗಳೂರಿನವನು. ಚಿಕ್ಕಂದಿನಲ್ಲಿ ಹಳೇ ಬಂದರಿನಲ್ಲಿ ದ್ವೀಪದ ಮಂಜಿಗಳು, ಅಂದರೆ ಸರಕು ದೋಣಿಗಳು, ಸಾಲಾಗಿ ನಿಂತಿರುವುದನ್ನು ನೋಡುತ್ತಿದ್ದೆ. ಬರುವಾಗ ಕೊಬ್ಬರಿ, ಹುರಿ, ತೆಂಗಿನ ಬೆಲ್ಲ, ಕಟ್ಟಿಗೆಯಷ್ಟು ಗಟ್ಟಿಯಾದ ಒಣ ಮಾಸ್ ಮೀನು. ಹೋಗುವಾಗ ಅಕ್ಕಿ, ಸಿಮೆಂಟು, ಜಲ್ಲಿ, ತರಕಾರಿ. ಮಳೆಗಾಲ ಬಂತೆಂದರೆ ಆ ಸಾಲು ಖಾಲಿ. ದೊಡ್ಡವನಾದ ಮೇಲೆ ತಿಳಿಯಿತು, ಇದು ಬರೀ ವ್ಯಾಪಾರದ ನಂಟಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಐದು ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರ ನಂತರ ಕಂಪನಿಯ ಪಾಲಾಗಿ, ಆಮೇಲೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅವರು ಕೇಂದ್ರಾಡಳಿತಕ್ಕೆ ಹೋದರು. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಸಂಗತಿಯನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಂದೇ ಜಿಲ್ಲಾಧಿಕಾರಿಯ ಕೆಳಗಿದ್ದವರು ಒಂದೇ ದಿನ ಎರಡು ದಿಕ್ಕಾದ ಮೇಲೆ ನಮಗೆ ಅವರ ನೆನಪು ಉಳಿದಿದ್ದು ಬಂದರಿನಲ್ಲಿ ಮಾತ್ರ.

ಈಗ ಅಗತ್ತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಹೋದಾಗ, ಸಂಜೆ ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಕುಳಿತಿದ್ದೆ. ನನ್ನ ಹರಕು ಮಲಯಾಳವನ್ನು ಅವರು ಸಹಿಸಿಕೊಂಡರು. ಲಗೂನ್‌ನಲ್ಲಿ, ಅಂದರೆ ಹವಳದ ಉಂಗುರದೊಳಗೆ ನಿಂತ ಆ ತಿಳಿನೀರಿನಲ್ಲಿ, ಒಂದು ಹಸಿರು ಕಡಲಾಮೆ ತಲೆಯೆತ್ತಿತು. ನಾನು ಮಗುವಿನ ಹಾಗೆ ಎದ್ದುನಿಂತೆ. ಅವರು ತಲೆಯನ್ನೂ ಎತ್ತದೆ, "ಅದು ನಮ್ಮ ಮೀನನ್ನೆಲ್ಲ ಮುಗಿಸಿತು" ಎಂದರು. ಆಮೆ ಕಡಲ ತಳದ ಹುಲ್ಲು ತಿನ್ನುತ್ತದೆ, ಮೀನನ್ನು ಹೇಗೆ ಮುಗಿಸುತ್ತದೆ ಎಂದು ಕೇಳಿದೆ. "ಮೊದಲು ಇಲ್ಲಿ ನೀರಿಗಿಳಿದರೆ ಪಾದ ಕಾಣುತ್ತಿರಲಿಲ್ಲ, ಅಷ್ಟು ಹುಲ್ಲು ಇತ್ತು. ಮೀನು ಮರಿ ಬೆಳೆಯುತ್ತಿದ್ದದ್ದು ಅದರಲ್ಲಿ. ಈಗ ನೋಡಿ" ಎಂದು ಕೈ ತೋರಿಸಿದರು. ತೋರಿಸಿದ ಕಡೆ ಬರೀ ಮರಳು, ಕ್ಯಾಲೆಂಡರಿನ ಚಿತ್ರದ ಹಾಗೆ.

ಒಪ್ಪಿಕೊಳ್ಳುತ್ತೇನೆ, ನಾನು ಅವರನ್ನು ನಂಬಲಿಲ್ಲ. ನಮ್ಮ ಘಟ್ಟದ ಮೇಲಿನ ತೋಟದವರು ಮಂಗನ ಮೇಲೆ, ಕಾಡುಹಂದಿಯ ಮೇಲೆ, ನವಿಲಿನ ಮೇಲೆ ಹೇಳುವ ದೂರನ್ನೇ ಇವರು ಆಮೆಯ ಮೇಲೆ ಹೇಳುತ್ತಿದ್ದಾರೆ ಎಂದುಕೊಂಡೆ. ಪರಿಸರಪ್ರೇಮಿ ಎಂದು ಹಣೆಗೆ ಅಂಟಿಸಿಕೊಂಡು ಓಡಾಡುವ ನಮ್ಮಂಥವರಿಗೆ ಇದೊಂದು ರೋಗ: ಪ್ರಾಣಿಯ ಮೇಲೆ ದೂರು ಬಂದರೆ ಸಾಕು, ದೂರು ಕೊಟ್ಟವನೇ ಆರೋಪಿ.

ಊರಿಗೆ ಬಂದ ಮೇಲೆ ಓದತೊಡಗಿದೆ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ಸಂಶೋಧಕರು, ರೋಹನ್ ಆರ್ಥರ್ ಮತ್ತು ಸಂಗಡಿಗರು, 1998ರಿಂದಲೂ ಈ ದ್ವೀಪಗಳ ನೀರಿನಡಿ ಲೆಕ್ಕ ಹಾಕುತ್ತಿದ್ದಾರೆ. ಅವರು ಮೀನುಗಾರರ ದೂರನ್ನು ತಳ್ಳಿಹಾಕಲೂ ಇಲ್ಲ, ಹಾಗೆಯೇ ನುಂಗಲೂ ಇಲ್ಲ, ಪರೀಕ್ಷೆಗೆ ಇಟ್ಟರು. ಆಮೆ ನುಗ್ಗದ ಹಾಗೆ ಹುಲ್ಲಿನ ಕೆಲವು ತುಂಡುಗಳಿಗೆ ಬೇಲಿ ಹಾಕಿ ನೋಡಿದರು. ಬೇಲಿಯೊಳಗೆ ಹುಲ್ಲು ಎದ್ದುನಿಂತಿತು, ಹೊರಗೆ ಮೊಟಕಾಗಿಯೇ ಉಳಿಯಿತು. ಆಮೆ ಹೆಚ್ಚಿದ್ದಲ್ಲಿ ಹುಲ್ಲಿನೊಳಗಿನ ಮೀನುಗಳನ್ನೂ ಎಣಿಸಿದರು, ಕಡಿಮೆಯಿದ್ದಲ್ಲಿಯೂ ಎಣಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ ಇಷ್ಟೇ: ಮೀನುಗಾರ ಹೇಳಿದ್ದು ನಿಜ. ಆಮೆಗಳು ಮೇಯ್ದು ಮೇಯ್ದು ಹುಲ್ಲು ಕುಸಿದಾಗ ಅದನ್ನು ನಂಬಿದ ಮೀನೂ ಹೋಗುತ್ತದೆ. 2021ರ ಇನ್ನೊಂದು ಅಧ್ಯಯನ ಮುಂದಿನ ಅಧ್ಯಾಯವನ್ನೂ ಬರೆಯಿತು. ಒಂದು ಲಗೂನ್ ಮುಗಿದ ಮೇಲೆ ಆಮೆಗಳು ಮತ್ತೊಂದಕ್ಕೆ, ಅಗತ್ತಿಯಿಂದ ಕದ್ಮತ್‌ಗೆ, ಅಲ್ಲಿಂದ ಇನ್ನೂ ಮುಂದಕ್ಕೆ, ಕುರಿಮಂದೆಯ ಹಾಗೆ ಜಾಗ ಬದಲಿಸುತ್ತ ದ್ವೀಪಸಮೂಹದ ಹುಲ್ಲುಗಾವಲುಗಳನ್ನೇ ಬರಿದು ಮಾಡಿದವು.

ಹಾಗಾದರೆ ಆಮೆ ಖಳನಾಯಕನೋ? ಅದೂ ಅಲ್ಲ. ಹಿಂದೆ ದ್ವೀಪದವರು ಆಮೆ ಹಿಡಿಯುತ್ತಿದ್ದರು. ಅದರ ಕೊಬ್ಬಿನ ಎಣ್ಣೆಯನ್ನು ದೋಣಿಯ ಮರಕ್ಕೆ ಸವರುತ್ತಿದ್ದರು. ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಂತಿತು. ಒಳ್ಳೆಯದೇ ಆಯಿತು. ಆದರೆ ಆಮೆಯನ್ನು ತಿನ್ನುವ ದೊಡ್ಡ ಶಾರ್ಕ್‌ಗಳು ಕಡಲಿನಲ್ಲಿ ಕಡಿಮೆಯಾಗುತ್ತ ಬಂದವು. ಬೇಟೆಗಾರನೂ ಇಲ್ಲ, ಶಾರ್ಕೂ ಇಲ್ಲ, ಸುತ್ತ ಹವಳದ ಗೋಡೆ ಇರುವ ಶಾಂತ ಹುಲ್ಲುಗಾವಲು. ಆಮೆ ಇನ್ನೇನು ಮಾಡಬೇಕಿತ್ತು, ಏಕಾದಶಿಯೇ? ಒಂದು ಜೀವಿಯನ್ನು ಉಳಿಸಿ ಅದಕ್ಕೆ ಸಂಬಂಧಿಸಿದ ಉಳಿದದ್ದನ್ನೆಲ್ಲ ಮುರಿದಿಟ್ಟರೆ ಹೀಗೆಯೇ ಆಗುತ್ತದೆ. ಆ ನಷ್ಟದ ಬಿಲ್ಲು ಮಾತ್ರ ನೇರವಾಗಿ ಬರುವುದು ಲಗೂನ್‌ನಲ್ಲಿ ಮನೆಯ ಊಟಕ್ಕೆ ಮೀನು ಹಿಡಿಯುವವರಿಗೆ. ಆಮೆಯ ಚಿತ್ರಕ್ಕೆ ಹೃದಯದ ಗುರುತು ಒತ್ತುವ ನಮಗೆ ಅದು ಬರುವುದಿಲ್ಲ.

ಇನ್ನೊಂದು ಕತೆ ಇದರ ಉಲ್ಟಾ, ನನಗೆ ಹೆಚ್ಚು ಮುಖ್ಯವಾದದ್ದೂ ಅದೇ. ಲಕ್ಷದ್ವೀಪದಲ್ಲಿ ನಡೆದ ಅತಿ ದೊಡ್ಡ ಪರಿಸರ ರಕ್ಷಣೆಯ ಕೆಲಸವನ್ನು ಯಾರೂ ಪರಿಸರ ರಕ್ಷಣೆ ಎಂದು ಕರೆಯಲಿಲ್ಲ. ಅದು ಚೂರ ಮೀನಿನ ಗಾಳ. ಚೂರ ಎಂದರೆ ಟ್ಯೂನಾ. ಮಿನಿಕಾಯ್ ದ್ವೀಪದವರಿಗೆ ಈ ವಿದ್ಯೆ ತಲೆತಲಾಂತರದ್ದು. ಬೆಳಗಾಗುತ್ತಲೇ ಲಗೂನ್‌ನಲ್ಲಿ ಚಿಕ್ಕ ಮೀನುಗಳನ್ನು ಜೀವಂತ ಹಿಡಿದು ದೋಣಿಯೊಳಗಿನ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಚೂರದ ಹಿಂಡು ಕಂಡಾಗ ಆ ಚಿಕ್ಕ ಮೀನುಗಳನ್ನು ಎರಚುತ್ತಾರೆ, ಜೊತೆಗೆ ನೀರನ್ನು ತುಂತುರು ಹಾಯಿಸುತ್ತಾರೆ. ಚೂರಕ್ಕೆ ಮೀನಿನ ಜಾತ್ರೆಯೇ ಬಂದಂತೆ ಕಾಣಬೇಕು. ಹಿಂಬದಿಯಲ್ಲಿ ಸಾಲಾಗಿ ನಿಂತವರು ಕೋಲಿನ ತುದಿಯ ಮುಳ್ಳಿಲ್ಲದ ಗಾಳದಿಂದ ಒಂದೊಂದೇ ಮೀನನ್ನು ಹಿಂದಕ್ಕೆ ಎಸೆಯುತ್ತಾರೆ. ಸಿಕ್ಕಿದ್ದನ್ನೆಲ್ಲ ಬಾಚುವ ಬಲೆ ಇಲ್ಲಿಲ್ಲ. ಗಾಳಕ್ಕೆ ಬೇಕಾದದ್ದು ಸಿಗುತ್ತದೆ, ಉಳಿದದ್ದು ಕಡಲಿನಲ್ಲೇ ಇರುತ್ತದೆ. ಅರವತ್ತರ ದಶಕದಿಂದ ಮೀನುಗಾರಿಕೆ ಇಲಾಖೆ ಯಾಂತ್ರಿಕ ದೋಣಿಗಳಿಗೆ ನೆರವು ಕೊಟ್ಟು ಇದನ್ನು ಉಳಿದ ದ್ವೀಪಗಳಿಗೂ ಹಬ್ಬಿಸಿತು. ಉದ್ದೇಶ ಜನರ ಆದಾಯ, ಅಷ್ಟೇ. ಆದರೆ ಎಲ್ಲರೂ ಹೊರಗಡಲಿನ ಚೂರದ ಹಿಂದೆ ಹೋದದ್ದರಿಂದ ಹವಳದ ದಿಬ್ಬದ ಮೀನುಗಳ ಮೇಲೆ ಹೆಚ್ಚಿನ ಒತ್ತಡ ಬೀಳಲಿಲ್ಲ.

ಅದರಿಂದೇನಾಯಿತು? 1998ರಲ್ಲಿ ಎಲ್ ನಿನೋ ಬಂದು ಕಡಲು ಕಾಯಿತು. ಹವಳ ತನ್ನೊಳಗಿನ ಬಣ್ಣದ ಪಾಚಿಯನ್ನು ಹೊರಹಾಕಿ ಬೆಳ್ಳಗಾಗಿ ಸತ್ತಿತು. ಸತ್ತ ಹವಳದ ಮೇಲೆ ಬೇರೆ ಪಾಚಿ ಹಬ್ಬಿದರೆ ಹೊಸ ಹವಳದ ಮರಿಗೆ ಕಾಲೂರಲು ಜಾಗವಿಲ್ಲ. ಅಲ್ಲಿ ಗಿಳಿಮೀನು ಮತ್ತು ಅದರ ನೆಂಟರು ಬೇಕಾದಷ್ಟಿದ್ದರು. ಪಾಚಿಯನ್ನು ಕೆರೆದು ಕೆರೆದು ತಿಂದು ನೆಲ ಹಸನು ಮಾಡಿಟ್ಟರು. ಹವಳ ಮತ್ತೆ ಬಂತು. ಯಾರೂ ಸಸಿ ನೆಡಲಿಲ್ಲ, ರಿಬ್ಬನ್ ಕತ್ತರಿಸಲಿಲ್ಲ. (ಗಿಳಿಮೀನು ಅಗಿದ ಹವಳದ ಪುಡಿ ಅದರ ಹೊಟ್ಟೆಯಿಂದ ಮರಳಾಗಿ ಹೊರಬರುತ್ತದೆ. ಮಧುಚಂದ್ರಕ್ಕೆ ಹೋದವರು ಬರಿಗಾಲಲ್ಲಿ ನಡೆಯುವ ಆ ಬಿಳಿ ಮರಳಿನಲ್ಲಿ ಒಂದು ಪಾಲು ಅದೇ. ರಸಭಂಗಕ್ಕೆ ಕ್ಷಮೆಯಿರಲಿ.)

ಆದರೆ ಶಾಖದ ಹೊಡೆತ 2010ರಲ್ಲಿ ಮತ್ತೆ ಬಂತು, 2016ರಲ್ಲಿ ಮತ್ತೆ. ಅಗತ್ತಿ, ಕದ್ಮತ್, ಕವರತ್ತಿಯಲ್ಲಿ ಇದೇ ಸಂಶೋಧಕರು 24 ವರ್ಷ ಎಣಿಸಿದ ಲೆಕ್ಕದಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಶೇ. 37ರಿಂದ ಸುಮಾರು ಶೇ. 19ಕ್ಕೆ ಇಳಿದಿದೆ. ಹೊಡೆತದ ನಂತರ ಆರು ವರ್ಷದಷ್ಟು ಬಿಡುವು ಸಿಕ್ಕರೆ ಚೇತರಿಕೆ ಚುರುಕಾಗುತ್ತದೆ ಎಂದೂ ಆ ಲೆಕ್ಕವೇ ಹೇಳುತ್ತದೆ. ಆ ಬಿಡುವನ್ನು ಕೊಡುವುದು ದ್ವೀಪದವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆಯೋ ಇಲ್ಲವೋ ಅದು ಬೇರೆ ಜಗಳ. ದಿಬ್ಬದ ಮೀನನ್ನು ಉಳಿಸುವುದು ಮಾತ್ರ ಕೈಗೆಟಕುವ ಕೆಲಸ.

ಅದಕ್ಕೇ ಕಾಂಕ್ರೀಟ್ ಚೌಕಟ್ಟಿಗೆ ಹವಳದ ತುಂಡು ಕಟ್ಟಿ ನೀರಿಗೆ ಬಿಡುವ ಕಾರ್ಯಕ್ರಮಗಳ ಚಿತ್ರ ನೋಡಿದಾಗ ನನಗೆ ನಮ್ಮ ವನಮಹೋತ್ಸವ ನೆನಪಾಗುತ್ತದೆ: ಪ್ರತಿ ಜುಲೈನಲ್ಲಿ ಅದೇ ಗುಂಡಿ, ಅದೇ ಸಸಿ, ಅದೇ ಅತಿಥಿ. ಸಣ್ಣ ಜಾಗದಲ್ಲಿ ಅದರಿಂದ ಉಪಯೋಗ ಇರಬಹುದು. ಆದರೆ ಕಾದ ನೀರು ನೆಟ್ಟ ಹವಳವನ್ನೂ ಬಿಡುವುದಿಲ್ಲ. 32 ಚದರ ಕಿಲೋಮೀಟರ್ ನೆಲದ ಸುತ್ತ 4,200 ಚದರ ಕಿಲೋಮೀಟರ್ ಲಗೂನ್ ಇರುವಾಗ ಎಷ್ಟೆಂದು ನೆಡುತ್ತೀರಿ?

ಇಲಿಯ ವಿಷಯವನ್ನೂ ಹೇಳದೆ ಬಿಡಲಾರೆ. ದ್ವೀಪಗಳಲ್ಲಿ ಇಲಿ ತೆಂಗಿನ ಮರದ ತುದಿಯಲ್ಲೇ ಸಂಸಾರ ಹೂಡಿ ಎಳನೀರನ್ನು ಕೊರೆದು ಹಾಳುಮಾಡುತ್ತದೆ. ಕೆಲವು ವರ್ಷಗಳ ಹಿಂದೆ ಕವರತ್ತಿಗೆ ಕೇರಳದಿಂದ ಕಣಜ ಗೂಬೆಗಳನ್ನು ತಂದು ಬಿಟ್ಟು ಪ್ರಯೋಗ ಮಾಡಿದರು. ವಿಷ ಹಾಕುವುದಕ್ಕಿಂತ ಒಳ್ಳೆಯದಲ್ಲವೇ ಎನ್ನಿಸುತ್ತದೆ. ಆಸ್ಟ್ರೇಲಿಯಾದ ಲಾರ್ಡ್ ಹೋ ದ್ವೀಪದವರಿಗೂ ಹೀಗೆಯೇ ಅನ್ನಿಸಿತ್ತು. 1918ರಲ್ಲಿ ಅಲ್ಲಿ ನೆಲಕಚ್ಚಿದ ಒಂದು ಹಡಗಿನಿಂದ ಇಲಿಗಳು ಇಳಿದು, ಬೇರೆಲ್ಲೂ ಇಲ್ಲದ ಐದು ಬಗೆಯ ಹಕ್ಕಿಗಳನ್ನು ಅಳಿಸಿಹಾಕಿದವು. ಇಲಿ ಹಿಡಿಯಲಿ ಎಂದು ಗೂಬೆ ತಂದರು. ಇಲಿಯನ್ನೇ ತಿನ್ನುತ್ತೇನೆಂದು ಗೂಬೆ ಛಾಪಾ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಉಳಿದ ಹಕ್ಕಿಗಳಿಗೂ ಕೈ ಹಾಕಿತು. ಕೊನೆಗೆ 2019ರಲ್ಲಿ ಇಡೀ ದ್ವೀಪಕ್ಕೆ ವಿಷದ ತಿನಿಸು ಹಾಕಿ ಇಲಿಗಳನ್ನು ತೆಗೆದರು. ಅದಕ್ಕೂ ಮೊದಲು, 2015ರಲ್ಲಿ, ಅಲ್ಲಿಯ ಕೆಲವೇ ನೂರು ನಿವಾಸಿಗಳನ್ನು ಕೇಳಿದ್ದರು: ಶೇ. 52 ಬೇಕು, ಶೇ. 48 ಬೇಡ. ಊರು ಇಬ್ಭಾಗವಾಯಿತು, ನೆರೆಮನೆಯವರು ಮಾತು ಬಿಟ್ಟರು, ಕೆಲಸ ವರ್ಷಗಟ್ಟಲೆ ಮುಂದೆ ಹೋಯಿತು. ಹಾಗಿದ್ದರೂ ಕೇಳಿದ್ದು ಸರಿಯೆಂದೇ ನನ್ನ ಮತ. ಲಕ್ಷದ್ವೀಪದಲ್ಲಿ 2011ರ ಜನಗಣತಿಯ ಪ್ರಕಾರವೇ 64 ಸಾವಿರ ಜನರಿದ್ದಾರೆ. ವಿಧಾನಸಭೆಯಿಲ್ಲ, ದೆಹಲಿ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ. 2021ರಲ್ಲಿ ಭೂಮಿ, ಅಭಿವೃದ್ಧಿ ಎಂದು ಕರಡು ನಿಯಮಗಳು ಬಂದಾಗ ಜನ ಮನೆಯೆದುರೇ ಫಲಕ ಹಿಡಿದು ಕುಳಿತದ್ದು ಹಟಕ್ಕಲ್ಲ, ಕೇಳುವವರಿಲ್ಲದ್ದಕ್ಕೆ.

2024ರ ಜನವರಿಯಲ್ಲಿ ಪ್ರಧಾನಿಯವರ ಚಿತ್ರಗಳು ಬಂದ ಮೇಲೆ ನಮ್ಮ ಬೀದಿಯ ಟ್ರಾವೆಲ್ಸ್‌ನವರೂ ಲಕ್ಷದ್ವೀಪದ ಬೋರ್ಡು ಹಾಕಿದ್ದಾರೆ. ಹೋಗಬೇಡಿ ಎನ್ನಲು ನಾನು ಯಾರು, ನಾನೇ ಹೋಗಿ ಬಂದವನು. ಆದರೆ ಅಲ್ಲಿ ಸಿಹಿನೀರೆಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಪದರ. ಬಂಗಾರಂ ಹವಳವಲಯದಲ್ಲಿದ್ದ ಪರಳಿ ಎಂಬ ಪುಟ್ಟ ದ್ವೀಪಗಳಲ್ಲಿ ಒಂದು ಕೊರೆದು ಕೊರೆದು ಪೂರ್ತಿ ಕಡಲಿನ ಪಾಲಾಗಿದೆ. ಇಷ್ಟು ಹಗುರಾಗಿ ಕುಳಿತ ನೆಲದ ಮೇಲೆ ಏನನ್ನು ಕಟ್ಟಿದರೂ ಅದರ ಭಾರ ಹೊರುವುದು ಸುತ್ತಲಿನ ಹವಳವೇ.

ನನಗೆ ಹೆಚ್ಚು ಭಯವಿರುವುದು ಕಟ್ಟಡಕ್ಕಿಂತ ತಟ್ಟೆಯದ್ದು. ಚೂರ ಸಿಗದ ದಿನಗಳು ಬಂದಂತೆ, ದಿಬ್ಬದ ಮೀನಿಗೆ ಹೊರಗೆ ಒಳ್ಳೆಯ ಬೆಲೆ ಸಿಗತೊಡಗಿದೆ. ಐಸ್ ಪೆಟ್ಟಿಗೆ ಬಂತು, ಖರೀದಿದಾರ ಬಂದ. ಮೀನುಗಾರನನ್ನು ದೂರುವುದು ಹೇಗೆ, ಅವನಿಗೂ ಮಕ್ಕಳ ಫೀಸು ಕಟ್ಟಬೇಕು. ಐವತ್ತು ಅರವತ್ತು ವರ್ಷ ತಾನಾಗಿ ನಡೆದ ಒಂದು ಏರ್ಪಾಡು ಗಲಾಟೆಯೇ ಇಲ್ಲದೆ ಕಳಚಿಕೊಳ್ಳುತ್ತಿದೆ. ಯಾವ ಕಾಯ್ದೆಯಲ್ಲೂ ಅದರ ಹೆಸರಿಲ್ಲದ ಕಾರಣ ಅದನ್ನು ಉಳಿಸಿ ಎಂದು ಅರ್ಜಿ ಕೊಡಲೂ ಬರುವುದಿಲ್ಲ. ಚೂರಕ್ಕೆ ನ್ಯಾಯವಾದ ಬೆಲೆ ಕೊಡಿಸುವುದು, ಚೂರದಿಂದಲೇ ಮಾಡುವ ಮಾಸ್ ಮೀನಿಗೆ ಮಾರುಕಟ್ಟೆ ಹುಡುಕುವುದು, ಇವು ಯಾರ ಕಣ್ಣಿಗೂ ಪರಿಸರದ ಕೆಲಸದಂತೆ ಕಾಣುವುದಿಲ್ಲ. ಗಿಳಿಮೀನು ಉಳಿಯುವುದು ಅದರಿಂದಲೇ.

ಕಳೆದ ತಿಂಗಳು ನೆಂಟರ ಮದುವೆಯ ಔತಣ. ಬಾಳೆಲೆಯಲ್ಲಿ ಸುಟ್ಟ ಮುರು ಮೀನು ಬಡಿಸಿದರು, ದಿಬ್ಬದ ಬಂಡೆಗಳಲ್ಲಿ ಬೆಳೆಯುವ ಜಾತಿ. ಬಡಿಸುವ ಹುಡುಗನನ್ನು ಕರೆದು ಇದು ಎಲ್ಲಿಯ ಮೀನು ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಫ್ರೀಜರಿನದು ಸರ್" ಎಂದ. ಪಕ್ಕದಲ್ಲಿದ್ದ ಭಾವ ನಕ್ಕರು. ನಾನು ಎರಡನೆಯ ತುಂಡು ಬೇಡವೆಂದೆ, ಮೊದಲನೆಯದನ್ನು ಆಗಲೇ ತಿಂದಾಗಿತ್ತು.