ಸುಮ್ಮನೆ ಮಂಡೆಬಿಸಿ ಯಾಕೆ ಅಂತ ಹೇಳಲಿಲ್ಲ

ನಿನ್ನೆ ಬೆಳಿಗ್ಗೆ ಗಲ್ಫಿನಿಂದ ಬಂದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಊರಿನದೇ ಟ್ಯಾಕ್ಸಿಯಲ್ಲಿ ಪುತ್ತೂರಿನ ಕಡೆಗೆ ಹೊರಟವನು, ಪ್ರತಿ ಸಲದ ಅಭ್ಯಾಸದಂತೆ ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಲು ನಿಲ್ಲಿಸಿದೆ. ಹಾಲು ಮತ್ತು ಚಹಾ ಒಂದಕ್ಕೊಂದು ಬೆರೆಯದೆ ಗ್ಲಾಸಿನಲ್ಲಿ ಪದರವಾಗಿ ನಿಂತಿರುವುದನ್ನು ಚಮಚದಿಂದ ಕಲಕುವ ಮೊದಲು ಸ್ವಲ್ಪ ಹೊತ್ತು ನೋಡುವುದು ನನ್ನ ಮಟ್ಟಿಗೆ ಊರು ಮುಟ್ಟಿದ್ದರ ಗುರುತು. ಹಾಗೆ ನೋಡುತ್ತಿದ್ದಾಗ ಟ್ಯಾಕ್ಸಿಯ ಹುಡುಗ ತೀರ ಸಹಜವಾಗಿ ಕೇಳಿದ: “ಅಪ್ಪನ ಕೈ ಈಗ ಹೇಗುಂಟು ಅಣ್ಣ? ಪ್ಲಾಸ್ಟರ್ ತೆಗೆದರಲ್ಲ?”

“ಯಾವ ಪ್ಲಾಸ್ಟರ್?” ಎಂದೆ.

ಅವನ ಮುಖ ನೋಡಬೇಕಿತ್ತು. ಬಾಯಿ ತಪ್ಪಿ ಬಂದ ಮಾತನ್ನು ಚಹಾದ ಜೊತೆಗೇ ನುಂಗಿಕೊಳ್ಳುವವನಂತೆ ಗ್ಲಾಸನ್ನು ಒಮ್ಮೆಲೇ ಬರಿದು ಮಾಡಿ, “ಅಲ್ಲ, ಸಣ್ಣದು ಅಣ್ಣ, ದೊಡ್ಡದೇನಿಲ್ಲ” ಎಂದು ಕಾರಿನ ಕಡೆಗೆ ನಡೆದ. ಅಲ್ಲಿಂದ ಮನೆಯವರೆಗೆ ಅವನು ರಸ್ತೆಯ ಬಗ್ಗೆ, ಮಳೆಯ ಬಗ್ಗೆ, ಅಡಿಕೆಯ ಧಾರಣೆಯ ಬಗ್ಗೆ ಬಿಡದೆ ಮಾತಾಡಿದ. ನಾನು ಹೂಂಗುಟ್ಟಲೂ ಇಲ್ಲ.

ಮನೆಗೆ ಬಂದರೆ ಎಂದಿನ ಸಂಭ್ರಮವೇ ಇತ್ತು. ಅಪ್ಪ ಜಗಲಿಯಲ್ಲಿ ಕುಳಿತಿದ್ದರು, ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡಿದ್ದರು, ಆಟಿ ತಿಂಗಳ ಮಳೆಯ ಚಳಿಗೆ ಎಂಬಂತೆ. ಆದರೆ ಊಟಕ್ಕೆ ಕುಳಿತಾಗ ಶಾಲು ಏನು ಮಾಡೀತು? 72 ವರ್ಷದ ಬಾಳಿನಲ್ಲಿ ಪಾಯಸಕ್ಕೂ ಚಮಚ ಮುಟ್ಟದ ಮನುಷ್ಯ ನಿನ್ನೆ ಮಧ್ಯಾಹ್ನ ಎಡಗೈಯಲ್ಲಿ ಚಮಚ ಹಿಡಿದು, ಕುಚ್ಚಲಕ್ಕಿ ಅನ್ನವನ್ನು ಬಟ್ಟಲಿನ ಅಂಚಿಗೆ ಒತ್ತಿ ಒತ್ತಿ ಎತ್ತುತ್ತಿದ್ದರು. ನಾನು ನೋಡಿದೆ. ಅಮ್ಮ ನಾನು ನೋಡಿದ್ದನ್ನು ನೋಡಿದರು. ಆಮೇಲೆ ಬಂತು ಆ ಮಾತು, ಈ ಹದಿನೈದು ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲದ ಮಾತು: “ನೀನು ಅಲ್ಲಿ ಒಬ್ಬನೇ ಇರುವವ. ಸುಮ್ಮನೆ ಮಂಡೆಬಿಸಿ ಯಾಕೆ ಅಂತ ಹೇಳಲಿಲ್ಲ.”

ನಡೆದದ್ದು ಇಷ್ಟು. ಜೂನ್ ಮೊದಲ ವಾರ, ಅಡಿಕೆ ತೋಟಕ್ಕೆ ಕೊಳೆರೋಗದ ಮೊದಲನೆಯ ಮದ್ದು ಬಿಡುವ ದಿನ, ಡ್ರಮ್ಮಿನ ಹತ್ತಿರ ನಿಂತು ಸುಣ್ಣ ಕಲಸುವವರಿಗೆ ಸಲಹೆ ಕೊಟ್ಟು ಹಿಂತಿರುಗುತ್ತಿದ್ದ ಅಪ್ಪ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕೈಯೂರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಅದನ್ನು ತೆಗೆದು ಹತ್ತು ದಿನವಾಗಿದೆ. ಈಗ ಬಿಸಿನೀರಿನಲ್ಲಿ ಕೈ ಅದ್ದಿ ಸ್ಪಂಜಿನ ಚೆಂಡನ್ನು ಹಿಸುಕಬೇಕು, ಅದನ್ನು ಅವರು ಮಾಡುವುದಿಲ್ಲ, ಅದಕ್ಕಾಗಿ ಅಮ್ಮ ದಿನಕ್ಕೆ ಮೂರು ಹೊತ್ತು ಬೈಯುತ್ತಾರೆ. ಈ ಎರಡು ತಿಂಗಳ ಕಾಲ ನಾನು ದಿನವೂ ಮನೆಗೆ ಫೋನು ಮಾಡಿದ್ದೇನೆ ಸ್ವಾಮಿ. ಒಂದು ದಿನವೂ ತಪ್ಪಿಸಿಲ್ಲ.

ನನ್ನ ದಿನಚರಿ ನಿಮಗೆ ಗೊತ್ತಿರುವುದೇ. ದುಬೈ ಮೆಟ್ರೊ ಆರಂಭವಾದ 2009ರಲ್ಲೇ ಅಲ್ಲಿಗೆ ಹೋದವನು ನಾನು; ಕೆಲಸ ದುಬೈಯಲ್ಲಿ, ವಾಸ ಬಾಡಿಗೆ ಕಡಿಮೆಯೆಂಬ ಕಾರಣಕ್ಕೆ ಶಾರ್ಜಾದಲ್ಲಿ. ಹೆಂಡತಿ ಮತ್ತು ಮಗಳು 2020ರಲ್ಲಿ ಊರಿಗೆ ಮರಳಿದ ಮೇಲೆ ಫ್ಲಾಟು ಬಿಟ್ಟು ಶಾರ್ಜಾದ ರೋಲಾ ಎಂಬಲ್ಲಿ ಒಂದು ಕೋಣೆಯಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಹಾಸಿಗೆಯ ಜಾಗ, ಹಿಡಿದೆ. ಒಂಬತ್ತನೇ ತರಗತಿಯಲ್ಲಿ ಓದುವ ಮಗಳಿರುವ, ಕಿವಿಯ ಮೇಲಿನ ಕೂದಲು ನರೆತ ನನ್ನನ್ನು ಆ ದೇಶದ ಬಾಡಿಗೆಯ ಭಾಷೆಯಲ್ಲಿ ‘ಬ್ಯಾಚುಲರ್’ ಎನ್ನುತ್ತಾರೆ. ನಾಲ್ವರು ಬ್ಯಾಚುಲರುಗಳಿಗೆ ಒಟ್ಟು ಆರು ಮಕ್ಕಳು. ಬೆಳಿಗ್ಗೆ ಬಚ್ಚಲುಮನೆಗೆ ಸರದಿ, ನನ್ನದು ಐದೂಕಾಲು. ಐದೂಮುಕ್ಕಾಲಿಗೆ, ಊರಿನಲ್ಲಿ ಏಳೂಕಾಲು ಆಗಿ ಅಮ್ಮ ತೆಳ್ಳವು ಎರೆಯುವ ಹೊತ್ತಿಗೆ, ಮೆಟ್ಟಿಲ ಮೇಲೆ ಕುಳಿತು ವೀಡಿಯೊ ಕರೆ. ವಾಟ್ಸಾಪಿನ ಕರೆ ಆ ದೇಶದಲ್ಲಿ ನಡೆಯುವುದಿಲ್ಲವಾದ್ದರಿಂದ ಎಪ್ಪತ್ತರ ಹತ್ತಿರದ ಅಮ್ಮನಿಗೆ ಬೋಟಿಮ್ ಎಂಬ ಆ್ಯಪ್ ಕಲಿಸಿದ್ದೂ ನಾನೇ. ಆರೂಕಾಲಕ್ಕೆ ಹೊರಡದಿದ್ದರೆ ದುಬೈಯ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿ ಅರ್ಧ ಆಯುಷ್ಯ ಕಳೆಯಬೇಕಾಗುತ್ತದೆ. ಹೀಗೆ ದಿನದ ಅರ್ಧ ಗಂಟೆಯನ್ನು ನಾನು ಇವರಿಗಾಗಿ ಕಾದಿರಿಸಿದರೆ, ಆ ಅರ್ಧ ಗಂಟೆಯಲ್ಲಿ ಇವರು ನನಗೆ ತೋರಿಸುವುದೇನು? ಅಮ್ಮನ ಹಣೆ ಮತ್ತು ಅಡುಗೆಮನೆಯ ಮಾಡಿನ ಹಂಚು. ಫೋನನ್ನು ಸರಿಯಾಗಿ ಹಿಡಿಯಲು ಅವರಿಗೆ ಬರುವುದಿಲ್ಲ ಎಂದು ನಾನು ಇಷ್ಟು ವರ್ಷ ನಂಬಿಕೊಂಡು, ರೂಮಿನವರೊಂದಿಗೆ ನಗುತ್ತಿದ್ದೆ. ನಿನ್ನೆ ಗೊತ್ತಾಯಿತು, ಏನನ್ನು ತೋರಿಸಬಾರದು ಎಂಬುದು ತಿಳಿದವರಿಗೆ ಮಾತ್ರ ಹಾಗೆ ಹಿಡಿಯಲು ಬರುತ್ತದೆ.

“ಅಪ್ಪ ಎಲ್ಲಿ?” ಎಂದು ಕೇಳಿದಾಗಲೆಲ್ಲ “ತೋಟಕ್ಕೆ ಹೋಗಿದ್ದಾರೆ” ಎಂಬ ಉತ್ತರ. ಬಿಡದೆ ಸುರಿಯುವ ಜೂನಿನ ಮಳೆಯಲ್ಲಿ, ಬೆಳಿಗ್ಗೆ ಏಳೂಕಾಲಕ್ಕೆ, ಸತತ ಆರು ವಾರ ತೋಟದಲ್ಲಿ ಇವರಿಗೇನು ಕೆಲಸ ಎಂದು ನನಗಾದರೂ ಹೊಳೆಯಬೇಕಿತ್ತು, ಅದು ಬೇರೆ ಮಾತು. ಒಂದು ದಿನ ಮಗಳು ಫೋನು ಕಸಿದುಕೊಂಡು “ಪಪ್ಪ, ಅಜ್ಜನಿಗೆ ಉಂಟಲ್ಲ” ಎಂದು ಶುರು ಮಾಡಿದಾಗ ಕರೆ ಕಡಿದುಹೋಯಿತು. “ನೆಟ್‌ವರ್ಕ್ ಇಲ್ಲ” ಎಂದು ಹೆಂಡತಿಯ ಸಂದೇಶ ಬಂತು. ಆ ಸಂದೇಶ ಬರಲು ಮಾತ್ರ ನೆಟ್‌ವರ್ಕ್ ಇತ್ತು! ಹೌದು, ಅವಳೂ ಈ ಪಕ್ಷದಲ್ಲಿ ಸೇರಿದ್ದಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯೊಂದಿಗೆ ಉಪ್ಪು ಹುಳಿಗೂ ಒಮ್ಮತವಿಲ್ಲದಿದ್ದವಳು ನನಗೆ ಸುಳ್ಳು ಹೇಳುವ ವಿಷಯದಲ್ಲಿ ಮಾತ್ರ ಅತ್ತೆಯೊಂದಿಗೆ ಎಂಥ ಹೊಂದಾಣಿಕೆ ತೋರಿಸಿದ್ದಾಳೆಂದರೆ, ಕೋಪದ ನಡುವೆಯೂ ನನಗೆ ಮೆಚ್ಚುಗೆಯಾಯಿತು.

ಇದು ಮೊದಲ ಸಲವಲ್ಲ ಎಂಬುದೇ ನನ್ನ ದೂರು. ಹಟ್ಟಿಯ ಕೊನೆಯ ಹಸುವನ್ನು ಕೊಟ್ಟದ್ದು ನನಗೆ ತಿಳಿದದ್ದು ಎಂಟು ತಿಂಗಳ ನಂತರ, ಊರಿಗೆ ಬಂದು ಬರಿದಾದ ಹಟ್ಟಿಯಲ್ಲಿ ತೆಂಗಿನಕಾಯಿ ರಾಶಿ ಹಾಕಿರುವುದನ್ನು ಕಂಡಾಗ. ಅಮ್ಮನ ಒಂದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಗೊತ್ತಾದದ್ದು ಎರಡನೆಯ ಕಣ್ಣಿನದ್ದಕ್ಕೆ ದಿನ ನಿಶ್ಚಯವಾದಾಗ. ನನ್ನ ಅಜ್ಜಿ ಮೂರು ವಾರ ಹಾಸಿಗೆ ಹಿಡಿದು ಮಲಗಿದ್ದರು. ಆ ಮೂರು ವಾರವೂ ಅವರು ನನ್ನ ಪಾಲಿಗೆ “ಮಲಗಿದ್ದಾರೆ, ಎಬ್ಬಿಸುವುದು ಬೇಡ” ಎಂಬ ಸ್ಥಿತಿಯಲ್ಲಿದ್ದರು. ಅದು ಅಕ್ಷರಶಃ ಸುಳ್ಳಲ್ಲ ಎಂದು ಅಮ್ಮ ಈಗಲೂ ವಾದಿಸುತ್ತಾರೆ. ಇದಕ್ಕೆ ಹೋಲಿಸಿ ನೋಡಿ: ಪಂಪಿನ ಕಾಯಿಲ್ ಸುಟ್ಟ ಸುದ್ದಿ ಅದೇ ಸಂಜೆ ಫೋಟೊ ಸಹಿತ ಬರುತ್ತದೆ. ಮೈಲುತುತ್ತಿನ ಬೆಲೆ ಏರಿದ್ದು ನನಗೆ ಗೊತ್ತು; 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ಎಷ್ಟು ಡ್ರಮ್ಮು ಬೇಕು, ಮದ್ದು ಬಿಡುವವರು ದಿನಕ್ಕೆ ಎಷ್ಟು ಕೇಳುತ್ತಾರೆ ಎಂಬುದೆಲ್ಲ ಈ ಜೂನಿನಲ್ಲೇ, ಬಹುಶಃ ಅಪ್ಪ ಬಿದ್ದ ದಿನವೇ, ನನಗೆ ವಿವರವಾಗಿ ತಿಳಿದಿತ್ತು. ಅಂದರೆ ದುಡ್ಡಿನಿಂದ ಸರಿಯಾಗುವ ಸುದ್ದಿಗಳಿಗೆ ಶಾರ್ಜಾದ ದಾರಿ ಗೊತ್ತಿದೆ, ಉಳಿದವಕ್ಕೆ ಗೊತ್ತಿಲ್ಲ. ಇದನ್ನು ನಿನ್ನೆ ರಾತ್ರಿ ಅಮ್ಮನಿಗೆ ಹೀಗೆಯೇ ಹೇಳಿದೆ. ಅವರು ಅತ್ತರು. ಹೇಳಬಾರದಿತ್ತು. ಆದರೆ ಸುಳ್ಳೇನೂ ಅಲ್ಲ.

ಈಗ ನಿಮ್ಮಲ್ಲಿ ಕೆಲವರು ಬರೆಯುವುದು ನನಗೆ ಮೊದಲೇ ಗೊತ್ತು: “ಅದೆಲ್ಲ ಪ್ರೀತಿ ಮಾರಾಯ, ತಿಳಿದು ನೀನಾದರೂ ಏನು ಮಾಡುತ್ತಿದ್ದೆ? ಪ್ಲಾಸ್ಟರ್ ಹಾಕುವುದು ಡಾಕ್ಟರು.” ಒಪ್ಪಿದೆ, ನಾನು ಏನೂ ಮಾಡುತ್ತಿರಲಿಲ್ಲ. ಟಿಕೆಟಿಗೆ ಶಾಲಾ ರಜೆಯ ಕಾಲದ ದರ, ಕಂಪನಿಯಲ್ಲಿ ಬದಲಿ ಇಲ್ಲ. ಅಲ್ಲಿನ ಕಾನೂನಿನಲ್ಲಿ ಹೆತ್ತವರು ಸತ್ತರೆ ಮೂರು ದಿನದ ರಜೆಯಿದೆ. ಬಿದ್ದು ಕೈ ಮುರಿದುಕೊಂಡರೆ ಏನಿದ್ದೀತು? ಆದರೆ ಪಕ್ಕದ ಮನೆಯವರು, ಟ್ಯಾಕ್ಸಿಯ ಹುಡುಗ, ಹಾಲಿನ ಸೊಸೈಟಿಯ ಗುಮಾಸ್ತರು, ಇವರೆಲ್ಲ ತಿಳಿದು ಏನು ಮಾಡಿದರು? ಏನೂ ಇಲ್ಲ. “ಹೌದಾ, ಛೆ” ಎಂದರು. ಆ ಒಂದು “ಛೆ” ಅನ್ನುವ ಅಧಿಕಾರವನ್ನಾದರೂ ಮಗನಿಗೆ ಕೊಡಬಹುದಿತ್ತಲ್ಲ ಎಂಬುದಷ್ಟೇ ನನ್ನ ಬೇಡಿಕೆ. ಪ್ರೀತಿ ಎಂದು ಹೇಳಿ ಈ ಚರ್ಚೆಯನ್ನು ಮುಗಿಸಲು ಬರಬೇಡಿ. ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ, ಸುದ್ದಿಯ ಬಗ್ಗೆ ಸಂಶಯವಿದೆ.

ಈ ಸಂಶಯ ಮನುಷ್ಯನನ್ನು ಎಂಥ ಸ್ಥಿತಿಗೆ ತರುತ್ತದೆ ಎಂಬುದು ರೋಲಾದ ನಮ್ಮ ಕೋಣೆಯಲ್ಲಿ ಒಂದು ವಾರ ಇದ್ದವರಿಗೆ ತಿಳಿದೀತು. “ಸ್ವಲ್ಪ ಹುಷಾರಿಲ್ಲ, ಒಮ್ಮೆ ಬಂದು ಹೋಗು” ಎಂದು ಊರಿನಿಂದ ಫೋನು ಬಂದರೆ ಅದರ ಅರ್ಥ ಜೀವ ಹೋಗಿದೆ ಎಂದು. ಹಾಗೆಂದು ಯಾರೂ ನಮಗೆ ಕಲಿಸಿಲ್ಲ, ಆದರೆ ಗಲ್ಫಿನಲ್ಲಿರುವ ಎಲ್ಲರಿಗೂ ಗೊತ್ತು. ಕುಂದಾಪುರದ ನಮ್ಮ ರೂಮಿನ ಗೆಳೆಯನಿಗೆ ಅಂಥ ಫೋನು ಬಂದ ರಾತ್ರಿ ಅವನು ಬಟ್ಟೆ ತುಂಬಿಸುತ್ತ, “ಅಮ್ಮನಿಗೆ ಸ್ವಲ್ಪ ಜ್ವರವಂತೆ” ಎಂದು ನಮಗೆ ಹೇಳಿದ. ನಾವೂ “ಹೌದಾ, ಮಳೆಗಾಲ ಅಲ್ಲವಾ” ಎಂದೆವು. ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ವಿಮಾನ ಇಳಿಯುವವರೆಗೆ ಆ ಜ್ವರವನ್ನು ಎಲ್ಲರೂ ಸೇರಿ ಕಾಪಾಡಿದೆವು. ಇದರ ಫಲವಾಗಿ, ಅಮ್ಮ ನಿಜವಾಗಿಯೂ “ಸ್ವಲ್ಪ ಶೀತ” ಎಂದ ದಿನ ನನಗೆ ಆಸ್ಪತ್ರೆಯ ಮಂಚ ಕಾಣುತ್ತದೆ. “ಏನಿಲ್ಲ” ಎಂದರೆ ಇನ್ನೂ ಕಷ್ಟ. ಮಂಡೆಬಿಸಿ ಬೇಡವೆಂದು ಇವರು ಮಾಡಿದ ಉಪಕಾರದಿಂದ ನನ್ನ ಮಂಡೆ ಸದಾ ಬಿಸಿಯಾಗಿಯೇ ಇದೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. 2020ರಲ್ಲಿ ಹೆಂಡತಿ ಮಗಳನ್ನು ಕೊರೊನಾ ಕಾಲದ ವಂದೇ ಭಾರತ್ ಯೋಜನೆಯ ವಿಮಾನದಲ್ಲಿ ಕಳುಹಿಸಿದ ಎರಡೇ ವಾರಕ್ಕೆ ಕಂಪನಿ ನನ್ನನ್ನು ಸಂಬಳವಿಲ್ಲದ ರಜೆಯ ಮೇಲೆ ಕೂರಿಸಿತು. ನಾಲ್ಕು ತಿಂಗಳು. ಆ ನಾಲ್ಕು ತಿಂಗಳೂ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡಂತಸ್ತಿನ ಮಂಚದ ಕೆಳಗಿನ ಹಾಸಿಗೆಯಲ್ಲಿ ಕುಳಿತು, ಹಿಂದೆ ಬರೀ ಗೋಡೆ ಕಾಣುವಂತೆ ಫೋನು ಹಿಡಿದು, “ಈಗ ಆಫೀಸೆಲ್ಲ ಮನೆಯಿಂದಲೇ ಅಮ್ಮ” ಎಂದು ಹೇಳುತ್ತಿದ್ದೆ. ಊರಿಗೆ ದುಡ್ಡು ಕಳುಹಿಸಲು ಕಾಸರಗೋಡಿನ ರೂಮಿನವನಿಂದ ಸಾಲ ತೆಗೆದೆ. ಹೆಂಡತಿಗೆ ಮಾತ್ರ ಹೇಳಿದ್ದೆ, ಯಾರಿಗೂ ಹೇಳಬಾರದೆಂದು ಆಣೆಯನ್ನೂ ಹಾಕಿಸಿಕೊಂಡಿದ್ದೆ. ಸುಳ್ಳು ಹೇಳುವ ಅಭ್ಯಾಸವನ್ನು ಅವಳಿಗೆ ಮಾಡಿಸಿದವರು ಯಾರು ಎಂದು ಈಗ ಕೇಳಬೇಡಿ.

ನಿನ್ನೆ ರಾತ್ರಿ ನನ್ನ ಕೂಗಾಟವೆಲ್ಲ ಮುಗಿದ ಮೇಲೆ, ಅದುವರೆಗೆ ಒಂದಕ್ಷರವೂ ಆಡದೆ ಎಡಗೈಯಲ್ಲಿ ವೀಳ್ಯದೆಲೆಯ ನಾರು ತೆಗೆಯಲು ಹೆಣಗುತ್ತಿದ್ದ ಅಪ್ಪ ತಲೆಯೆತ್ತದೆ ಹೇಳಿದರು: “ಕೊರೊನಾ ವರ್ಷ ನಿನಗೆ ನಾಲ್ಕು ತಿಂಗಳು ಸಂಬಳ ಇರಲಿಲ್ಲವಲ್ಲ. ಆಗಲೇ ಗೊತ್ತಿತ್ತು. ದುಬೈಯಲ್ಲಿರುವ ನಮ್ಮವರೊಬ್ಬರು ಹೇಳಿದ್ದರು. ನೀನು ಹೇಳಲಿಲ್ಲ, ನಾವು ಕೇಳಲಿಲ್ಲ.” ಅಷ್ಟೇ. ಎಲೆಗೆ ಸುಣ್ಣ ಸವರಿಕೊಡು ಎಂದು ನನ್ನ ಮುಂದೆ ಹಿಡಿದರು.

ನಾನು ಸವರಿಕೊಟ್ಟೆ. ನಾನು ಕಳುಹಿಸಿದ ಸಾಲದ ದುಡ್ಡನ್ನು ಆ ನಾಲ್ಕು ತಿಂಗಳು ಇವರು ಯಾವ ಮುಖದಿಂದ ತೆಗೆದುಕೊಂಡರು, ಅಥವಾ ಖರ್ಚೇ ಮಾಡದೆ ಇಟ್ಟಿದ್ದಾರೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳಿದ್ದರೆ ಏನು ಉತ್ತರ ಬರುತ್ತಿತ್ತೆಂದು ನಿಮಗೂ ಗೊತ್ತು.

ಹಾಗೆಂದು ನನ್ನ ದೂರನ್ನು ನಾನು ಹಿಂತೆಗೆದುಕೊಂಡಿಲ್ಲ. ಇಂದು ಬೆಳಿಗ್ಗೆ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಒಪ್ಪಂದ ಮಾಡಿಕೊಂಡೆ: ಮನೆಯಲ್ಲಿ ಯಾರೇ ಬಿದ್ದರೂ, ಯಾವ ಮಾತ್ರೆ ಹೊಸದಾಗಿ ಬಂದರೂ, ಅವಳು ನನಗೆ ಗುಟ್ಟಾಗಿ ತಿಳಿಸಬೇಕು. ಅವಳು ಸ್ವಲ್ಪ ಯೋಚಿಸಿ, “ಆಯಿತು, ಆದರೆ ನಿಮಗೆ ಹುಷಾರಿಲ್ಲದಾಗ ನೀವೂ ನನಗೆ ಹೇಳಬೇಕು” ಎಂದಳು. ಆಗಲಿ ಎಂದೆ. ಕಳೆದ ಮಾರ್ಚಿನಿಂದ ನಾನು ಬೆಳಿಗ್ಗೆ ನುಂಗುತ್ತಿರುವ ರಕ್ತದೊತ್ತಡದ ಮಾತ್ರೆಯ ಬಗ್ಗೆ ಅವಳಿಗೆ ಹೇಳಿಲ್ಲ. ಚಿಕ್ಕ ಹುಡುಗಿ, ಪರೀಕ್ಷೆ ಬೇರೆ ಹತ್ತಿರ ಬಂದಿದೆ. (ಇದನ್ನು ಓದುವ ನೆಂಟರು ದಯವಿಟ್ಟು ಮನೆಗೆ ಫೋನು ಮಾಡಬೇಡಿ. ಅಮ್ಮ ಫೇಸ್‌ಬುಕ್ಕಿನಲ್ಲಿಲ್ಲ.)

ನಾಳೆ ಎರಡನೆಯ ಮದ್ದು. ಅಂಗಳದ ಉದ್ದಕ್ಕೂ ಅಡಿಕೆ ಸೋಗೆ ಹಾಸಿಸಿದ್ದೇನೆ. ಜಗಲಿಯಿಂದ ಇಳಿಯಬಾರದು ಎಂದು ಅಪ್ಪನಿಗೆ ಹೇಳಿದೆ; “ನಾನ್ಯಾಕೆ ಇಳಿಯಲಿ” ಎಂದರು, ಅಂದರೆ ಇಳಿಯುತ್ತಾರೆ. ಇದನ್ನು ಬರೆಯುತ್ತಿರುವಾಗ ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತ ಅಮ್ಮ ಮತ್ತು ನನ್ನ ಹೆಂಡತಿ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು.

“ಏನು?” ಎಂದೆ.

“ಏನಿಲ್ಲ” ಎಂದರು.