ಮುಡಿಪು ಅಂದರೆ ಎಷ್ಟು ಗಂಟೆಗೆ, ಎಷ್ಟು ದುಡ್ಡು?

ಮಕ್ಕಳ ‘ನಾರ್ನಿಯಾ’ ಕಥೆಗಳನ್ನು ಬರೆದ ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ಬಗ್ಗೆ ಮತ್ತೊಂದು ಪೋಸ್ಟರ್ ಕಣ್ಣಿಗೆ ಬಿತ್ತು. ಹಿಂದೆ ಆ ಕಥೆಯ ಸಿಂಹ, ಮುಂದೆ ದಪ್ಪ ಅಕ್ಷರದಲ್ಲಿ ‘ಸಮಾಜ, ಚರ್ಚು, ಕುಟುಂಬಕ್ಕೆ ಬದುಕನ್ನೇ ಮುಡಿಪಾಗಿಟ್ಟ ಆಕ್ಸ್‌ಫರ್ಡ್ ಪ್ರೊಫೆಸರ್’. ಇಂಗ್ಲಿಷ್ ಪಾಠ ಮಾಡಿ ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಇದನ್ನು ಓದಿದರೆ ಮೈ ಉರಿಯುತ್ತೆ. ಆಕ್ಸ್‌ಫರ್ಡ್ ಆ ಮನುಷ್ಯನನ್ನು ಪ್ರೊಫೆಸರ್ ಮಾಡಲೇ ಇಲ್ಲ ಕಣ್ರೀ! 1925ರಿಂದ 1954ರವರೆಗೆ ಅಲ್ಲಿನ ಮಾಡ್ಲಿನ್ ಕಾಲೇಜಿನ ಫೆಲೋ, ಟ್ಯೂಟರ್, ಅಂದರೆ ಪಾಠ ಹೇಳೋ ಮೇಷ್ಟ್ರು, ಅಷ್ಟೇ. ಪ್ರೊಫೆಸರ್ ಪೀಠ ಕೊಟ್ಟಿದ್ದು ಕೇಂಬ್ರಿಜ್.

ಅದು ಹಾಳಾಗಲಿ. ಮುಡಿಪು ಮುಡಿಪು ಅಂತೀರಲ್ಲ, ಯಾವ ಹೊತ್ತು, ಯಾವ ದುಡ್ಡು? ಅದನ್ನು ಯಾರೂ ಬರೆಯಲ್ಲ.

ಹೊತ್ತಿನ ಲೆಕ್ಕ ನೋಡಿ. ಬೆಳಿಗ್ಗೆ ಎಂಟಕ್ಕೆ ಕಾಲೇಜಿನ ಚಾಪೆಲ್‌ನಲ್ಲಿ ಪ್ರಾರ್ಥನೆ, ಆಮೇಲೆ ಒಂದಿಷ್ಟು ಕಾಗದ, ಒಂಬತ್ತರಿಂದ ಒಂದರವರೆಗೆ ವಿದ್ಯಾರ್ಥಿಗಳು. ಟ್ಯುಟೋರಿಯಲ್ ಅಂದರೆ ಒಬ್ಬ ಹುಡುಗ, ಒಂದು ಗಂಟೆ. ಅವನು ತಾನು ಬರೆದ ಪ್ರಬಂಧವನ್ನು ಗಟ್ಟಿಯಾಗಿ ಓದಬೇಕು, ಇವರು ಕೂತು ಕೇಳಿ ಒಂದೊಂದು ಸಾಲನ್ನೂ ಹಿಡಿದು ಜಾಡಿಸಬೇಕು. ಊಟಕ್ಕೆ ಮನೆ, ಸಂಜೆ ಐದರಿಂದ ಏಳರವರೆಗೆ ಮತ್ತೆ ಅದೇ. ನಮ್ಮ ಮೇಷ್ಟ್ರುಗಳು ಅಂಕಕ್ಕಾಗಿ ತುಂಬೋ ಸ್ವಮೌಲ್ಯಮಾಪನದ ಫಾರಂ ತುಂಬೋಕೆ ಕೂರಿಸಿದ್ದರೆ ಇಷ್ಟಕ್ಕೂ ಸೊನ್ನೆ ಸುತ್ತಿ ಕಳಿಸುತ್ತಿದ್ದರು.

ಮನೆ ಅಂದೆನಲ್ಲ, ಅಲ್ಲಿ ಮಿಸೆಸ್ ಮೂರ್. ಮೊದಲ ಮಹಾಯುದ್ಧದಲ್ಲಿ ಸತ್ತ ಗೆಳೆಯನ ತಾಯಿ. ಆಕೆ 1951ರಲ್ಲಿ ತೀರಿಕೊಳ್ಳೋವರೆಗೂ ಇವರದೇ ಜವಾಬ್ದಾರಿ. ಓದುತ್ತ ಕೂತವರನ್ನು ಎಬ್ಬಿಸಿ ಮನೆಗೆಲಸಕ್ಕೆ ಕಳಿಸೋದು ಮಾಮೂಲು. ಗೆಳೆಯರಿಗೆಲ್ಲ ಸಿಟ್ಟು, ಇವರು ಮಾತ್ರ ಎದ್ದು ಹೋಗೋರು. ಜತೆಗೆ ಕುಡಿತ ಬಿಡಲಾಗದ ಅಣ್ಣ ವಾರ್ನಿ. ಅಪರಿಚಿತರ ಕಾಗದಗಳಿಗೆ ಲೂಯಿಸ್ ಉತ್ತರ ಬರೆಯೋದು ಶಾಯಿಯಲ್ಲಿ ಅದ್ದೋ ಪೆನ್ನಿನಲ್ಲಿ. ಹೆಬ್ಬೆರಳಿನ ಗೆಣ್ಣು ಮಡಚುತ್ತಿರಲಿಲ್ಲ, ಟೈಪಿಂಗ್ ಬರಲಿಲ್ಲ. ಟೈಪು ಮಾಡಿಕೊಡುತ್ತಿದ್ದವರು ಅದೇ ವಾರ್ನಿ.

ಈಗ ದುಡ್ಡು. 1941ರಲ್ಲಿ ಒಂದು ಚರ್ಚ್ ವಾರಪತ್ರಿಕೆಗೆ ಸ್ಕ್ರೂಟೇಪ್ ಅನ್ನೋ ಕಾಲ್ಪನಿಕ ಸೈತಾನ ಬರೆದ ಹಾಗೆ 31 ಪತ್ರ ಬರೆದರು, ಒಂದಕ್ಕೆ 2 ಪೌಂಡು. ಪಾದ್ರಿಗಳ ವಿಧವೆಯರ ನಿಧಿಗೆ ಕಳಿಸಿಬಿಡಿ ಅಂದರು. ರೇಡಿಯೋ ಭಾಷಣದ ಸಂಭಾವನೆಯೂ ಹಾಗೇ ಹೋಯಿತು. ಎಡವಟ್ಟಾಗಿದ್ದು ಇಲ್ಲೇ. ದುಡ್ಡು ಕೈಗೇ ಬರದಿದ್ದರೂ ಕಾನೂನಿನ ಪ್ರಕಾರ ಅದು ಇವರ ಆದಾಯ. ಕೊಟ್ಟಿದ್ದೆಲ್ಲ ಕೊಟ್ಟಾದ ಮೇಲೆ ತೆರಿಗೆ ಬಿಲ್ಲು ಬಂತು! ವಕೀಲ ಗೆಳೆಯ ಓವನ್ ಬಾರ್‌ಫೀಲ್ಡ್ ಒಂದು ಟ್ರಸ್ಟ್ ಮಾಡಿ, ಪುಸ್ತಕಗಳಿಂದ ಬರೋ ರಾಯಧನದ ಮೂರನೇ ಎರಡು ಪಾಲು ಅಲ್ಲಿಗೇ ಸೇರೋ ಹಾಗೆ ನೋಡಿಕೊಂಡ. ಕಷ್ಟದಲ್ಲಿದ್ದವರಿಗೆ ಹೆಸರಿಲ್ಲದೆ ದುಡ್ಡು ಹೋಗುತ್ತಿತ್ತು. ದಾನಕ್ಕೂ ಲೆಕ್ಕಪತ್ರ ಬೇಕು ಸ್ವಾಮಿ, ಪೋಸ್ಟರಲ್ಲಿ ಅದೆಲ್ಲ ಎಲ್ಲಿ ಹಿಡಿಸಬೇಕು.

ಚರ್ಚಿನದೂ ಅಷ್ಟೇ. ಆಕ್ಸ್‌ಫರ್ಡ್ ಅಂಚಿನ ಹೆಡಿಂಗ್ಟನ್ ಕ್ವಾರಿಯ ಹೋಲಿ ಟ್ರಿನಿಟಿ, ಊರವರ ಪುಟ್ಟ ಚರ್ಚು. ಅಲ್ಲಿ ಹಾಡೋ ಕೀರ್ತನೆಗಳು ಇವರ ಕಿವಿಗೆ ಕಳಪೆ ಪದ್ಯ, ಅದಕ್ಕಿಂತ ಕಳಪೆ ಸಂಗೀತ. ಆರ್ಗನ್ ಅಂದರೆ ಆಗದು. ಆದರೂ ಕಂಬದ ಪಕ್ಕದ ಅದೇ ಬೆಂಚಿನಲ್ಲಿ ಅಣ್ಣನ ಜತೆ ವಾರ ವಾರ ಹಾಜರ್. ಇಷ್ಟವಾದ ಚರ್ಚಿಗೆ ಹೋಗೋದರಲ್ಲಿ ಏನು ಮಹಾ ಇದೆ?

‘ನಾರ್ನಿಯಾ ಬರೆಯದಿದ್ದರೆ ಇವರನ್ನು ಯಾರು ಕೇಳುತ್ತಿದ್ದರು ಸಾರ್’ ಅನ್ನೋರು ಇದ್ದಾರೆ. ಮಕ್ಕಳು ಕೇಳುತ್ತಿರಲಿಲ್ಲ, ಒಪ್ಪಿದೆ. ಹದಿನಾರನೇ ಶತಮಾನದ ಇಂಗ್ಲಿಷ್ ಸಾಹಿತ್ಯ ಓದೋರು ಆಗಲೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಅದರ ಬಗ್ಗೆ ಬರೆದುಕೊಡ್ತೀನಿ ಅಂತ ಇವರು 1935ರ ಹೊತ್ತಿಗೆ ಒಪ್ಪಿಕೊಂಡ ಸಂಪುಟ ಅಚ್ಚಾಗಿದ್ದು 1954ರಲ್ಲಿ. ಯಾಕೆ ತಡ ಅಂತ ಮೇಲಿನ ವೇಳಾಪಟ್ಟಿ ನೋಡಿದರೇ ತಿಳಿಯುತ್ತೆ.

ಕೇಂಬ್ರಿಜ್ ಪೀಠವನ್ನೂ ಇವರು ಮೊದಲು ಬೇಡವೆಂದರು, ಎರಡು ಸಲ. ಮನೆ, ಅಣ್ಣ ಎಲ್ಲರನ್ನೂ ಕಿತ್ತುಕೊಂಡು ಹೋಗೋದು ಹೇಗೆ ಅಂತ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಗೆಳೆಯ ಟೋಲ್ಕಿನ್ ಬಂದು ಕೂತು ಒಪ್ಪಿಸಬೇಕಾಯಿತು. ಟರ್ಮ್ ನಡೆಯುವಾಗ ವಾರದ ದಿನ ಅಲ್ಲಿದ್ದು ವಾರಾಂತ್ಯಕ್ಕೆ ಊರಿಗೆ ಬರಬಹುದು ಅಂತ ಗೊತ್ತಾದ ಮೇಲೆಯೇ ಹೂಂ ಅಂದಿದ್ದು. ಆಮೇಲೆ ವರ್ಷಗಟ್ಟಲೆ ಆ ಆಮೆಗತಿಯ ರೈಲಿನ ಓಡಾಟ. ಹೆಂಡತಿ ಜಾಯ್ ಕ್ಯಾನ್ಸರಿನಿಂದ 1960ರಲ್ಲಿ ಹೋದ ಮೇಲೆ ಆಕೆಯ ಇಬ್ಬರು ಗಂಡುಮಕ್ಕಳೂ ಅದೇ ಮನೆಯಲ್ಲೇ ಇದ್ದರು.