ಕೊಕ್ಕು ಬಡಿಯುವ ಆ ಮೊಗ ಕಾಸರಗೋಡಿನದಲ್ಲ: ಒಂದು ಸ್ಪಷ್ಟನೆ

ಉದ್ದನೆಯ ಕೊಕ್ಕನ್ನು ಪಟಪಟನೆ ಬಡಿಯುವ ಮರದ ಕಾಗೆಮೊಗದ (ಕಾಗೆಯ ಮುಖವಾಡದ) ವಿಡಿಯೊವೊಂದು, 'ಕಾಸರಗೋಡಿನ ಹಳೆಯ ದೈವಸ್ಥಾನದ ಭೂತದ ಮೊಗ' ಎಂಬ ಒಕ್ಕಣೆಯೊಂದಿಗೆ ಕುಂಬಳೆ, ಮಂಜೇಶ್ವರ, ಬದಿಯಡ್ಕದ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಅದು ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಾದ ಕ್ವಾಕ್ವಕಾವಕ್ವ ಜನರ ಹಮತ್ಸ ನೃತ್ಯದ ಮೊಗ.

ಕೆಂಪು ಸೀಡರ್ ಮರದಲ್ಲಿ ಕೆತ್ತಿದ ಇಂಥ ಮೊಗದ ಕೆಳದವಡೆಯನ್ನು ಕೀಲಿನಿಂದ ಜೋಡಿಸಿರುತ್ತಾರೆ. ಅದಕ್ಕೆ ಕಟ್ಟಿದ ದಾರವನ್ನು ನರ್ತಕನೇ ಎಳೆದು ಬಿಡುವುದರಿಂದ ಕೊಕ್ಕು ಸದ್ದು ಮಾಡುತ್ತದೆ, ಕೆಳಗೆ ಇಳಿಬಿದ್ದ ಸೀಡರ್ ತೊಗಟೆಯ ನಾರು ಅವನ ಮೈಯನ್ನು ಮರೆಮಾಡುತ್ತದೆ. ಅದೇ ಜನರ ಇನ್ನೊಂದು ಬಗೆಯ ಮೊಗದಲ್ಲಿ ಪ್ರಾಣಿಯ ಹೊರಮುಖವು ದಾರದ ಸೆಳೆತಕ್ಕೆ ಹೋಳುಹೋಳಾಗಿ ತೆರೆದುಕೊಂಡು ಒಳಗಿನ ಮನುಷ್ಯಮುಖ ಕಾಣಿಸಿಕೊಳ್ಳುತ್ತದೆ. ಇಷ್ಟು ಭಾರವನ್ನು ಹೊತ್ತು, ಬಾಗಿ ಕುಣಿಯುತ್ತಲೇ ದಾರವನ್ನು ಹಿಡಿತದಲ್ಲಿಟ್ಟುಕೊಳ್ಳುವುದು ನಿಜಕ್ಕೂ ದೊಡ್ಡ ವಿದ್ಯೆ.

ಈ ಮೊಗಗಳು ಹೊರಬರುವ, ಉಡುಗೊರೆ ಹಂಚುವ ಸಾಂಪ್ರದಾಯಿಕ ಸಮಾರಂಭಗಳಾದ ಪಾಟ್‌ಲ್ಯಾಚ್ ಕೂಟಗಳನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು; 1921ರ ಕೂಟವೊಂದರ ಬಳಿಕ ಕಿತ್ತುಕೊಂಡ ಮೊಗಗಳಲ್ಲಿ ಹಲವು, ದಶಕಗಳು ಕಳೆದ ಮೇಲಷ್ಟೇ ಮರಳಿದವು. ಅಷ್ಟು ಕಷ್ಟದಿಂದ ಅವರು ಉಳಿಸಿಕೊಂಡದ್ದನ್ನು ನಮ್ಮದೆಂದು ಹೇಳಿಕೊಳ್ಳುವುದು ಅನ್ಯಾಯ.

ನಮ್ಮ ಪಂಜುರ್ಲಿ ದೈವದ ಹಂದಿಮೊಗವಾದರೋ ಹೆಚ್ಚಾಗಿ ಕಂಚು, ಹಿತ್ತಾಳೆಯ ಎರಕದ್ದು. ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯಂನಲ್ಲಿ ಮುಖದ ಮೇಲಿನ ಬಣ್ಣದ ಬರವಣಿಗೆಯೇ ಪ್ರಧಾನ. ಅದರಲ್ಲೇ ಒಂದಾದ ಪೊಟ್ಟನ್ ತೆಯ್ಯಕ್ಕೆ ಅಡಿಕೆ ಹಾಳೆಯ ಮೊಗವುಂಟು. ವಿಡಿಯೊವನ್ನು ಈಗಾಗಲೇ ಹಂಚಿಕೊಂಡವರು ದಯವಿಟ್ಟು ಒಕ್ಕಣೆಯನ್ನು ತಿದ್ದಿ, ಅದೇ ಬಳಗಗಳಿಗೆ ಮತ್ತೆ ಕಳುಹಿಸಬೇಕು.